ಮನೆಯಿಲ್ಲದವರ ರಿಜಿಸ್ಟರ್: ಯಾವ ಕಾಲಂ ಬೇಕು, ಯಾವುದು ಬೇಡ?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ನಗರದಲ್ಲಿ ಮನೆಯಿಲ್ಲದವರು ರಾತ್ರಿ ತಂಗುವ ಒಂದು ಕೇಂದ್ರ ಇದೆ ಅಂತ ಇಟ್ಟುಕೊಳ್ಳಿ. ಅಲ್ಲಿ 100 ಹಾಸಿಗೆ. ವರ್ಷದಲ್ಲಿ ಒಂದು ರಾತ್ರಿಯೂ ಯಾವ ಹಾಸಿಗೆಯೂ ಖಾಲಿ ಇರುವುದಿಲ್ಲ. 90 ಹಾಸಿಗೆಗಳಲ್ಲಿ ಅದೇ 90 ಮಂದಿ ವರ್ಷವಿಡೀ ಮಲಗುತ್ತಾರೆ. ಉಳಿದ 10 ಹಾಸಿಗೆಗಳಿಗೆ ಪ್ರತಿ ತಿಂಗಳೂ ಹೊಸಬರು ಬರುತ್ತಾರೆ, ಹಳಬರು ಎಲ್ಲೋ ಒಂದು ನೆಲೆ ಕಂಡುಕೊಂಡು ಹೋಗುತ್ತಾರೆ. ಈಗ ಹೇಳಿ, ಆ ಕೇಂದ್ರದಲ್ಲಿ ತಂಗಿದವರು ಎಷ್ಟು ಜನ?

ಒಂದು ರಾತ್ರಿ ಹೋಗಿ ಎಣಿಸಿದರೆ 100. ವರ್ಷದಲ್ಲಿ ಬಂದ ಬೇರೆ ಬೇರೆ ವ್ಯಕ್ತಿಗಳನ್ನು ಎಣಿಸಿದರೆ 90 + (10 × 12), ಅಂದರೆ 210. ದಿನಾ ಬರೆಯುವ ರಿಜಿಸ್ಟರಿನ ಸಾಲುಗಳನ್ನು ಕೂಡಿಸಿದರೆ 36,500. ಮೂರೂ ಸರಿಯಾದ ಸಂಖ್ಯೆಗಳೇ, ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳ ಉತ್ತರ. ಇನ್ನೂ ನೋಡಿ: ಒಂದು ರಾತ್ರಿಯ ಎಣಿಕೆಯಲ್ಲಿ ದೀರ್ಘಕಾಲ ಇರುವವರು ಶೇಕಡಾ 90. ವರ್ಷದ ಎಣಿಕೆಯಲ್ಲಿ ಅದೇ ಜನ ಶೇಕಡಾ 43ರಷ್ಟು ಮಾತ್ರ. ಮೊದಲನೆಯದನ್ನು ನೋಡಿದ ಅಧಿಕಾರಿ "ಇವರಿಗೆಲ್ಲ ಶಾಶ್ವತ ಮನೆಯೇ ಬೇಕು" ಅಂತಾರೆ. ಎರಡನೆಯದನ್ನು ನೋಡಿದವರು "ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಂದು ತಿಂಗಳ ಆಸರೆ ಸಿಕ್ಕರೆ ಸಾಕು" ಅಂತಾರೆ.

ಹಾಗಾಗಿ, ಮನೆಯಿಲ್ಲದವರ ಸೇವೆಗೆ ಒಂದು ಕಂಪ್ಯೂಟರ್ ದಾಖಲೆ ವ್ಯವಸ್ಥೆ ಮಾಡಬೇಕು ಅಂದಾಗ ಸಾಫ್ಟ್‌ವೇರ್ ಯಾವುದು ಎಂಬ ಮಾತು ಕೊನೆಗೆ ಬರಲಿ. "ಇದರಿಂದ ನಮಗೆ ಏನು ಗೊತ್ತಾಗಬೇಕು? ಗೊತ್ತಾದ ಮೇಲೆ ನಾವು ಏನು ಮಾಡ್ತೀವಿ?" ಎಂಬ ಪಟ್ಟಿ ಮೊದಲು ಬರಲಿ. ಆ ಪಟ್ಟಿಯಲ್ಲಿ ಏನು ಕೇಳಬೇಕು ಎಂಬುದರಷ್ಟೇ ಏನು ಕೇಳಬಾರದು ಎಂಬುದೂ ಮುಖ್ಯ. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಕೇಳಿ.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ದೇಶ ಅಮೆರಿಕ. ಅಲ್ಲಿನ ಸಂಸತ್ತು 2001ರಲ್ಲಿ, ಒಬ್ಬರನ್ನೇ ಎರಡು ಸಲ ಎಣಿಸದಂಥ ಲೆಕ್ಕ ಬೇಕು ಅಂತ ವಸತಿ ಇಲಾಖೆಗೆ ಸೂಚಿಸಿತು. 2004ರಲ್ಲಿ ಇಲಾಖೆ ಯಾವ ಯಾವ ಕಾಲಂ ಇರಬೇಕು ಎಂಬ ನಿಯಮಗಳನ್ನು ಪ್ರಕಟಿಸಿತು. ಊರೂರಿನ ಸೇವಾ ಸಂಸ್ಥೆಗಳು ಕೂಡಿ ತಮ್ಮ ವ್ಯವಸ್ಥೆಯನ್ನು ನಡೆಸುತ್ತವೆ, ಆದರೆ ಪ್ರಶ್ನೆಗಳು ಎಲ್ಲೆಡೆ ಒಂದೇ. ಇದಲ್ಲದೆ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ಆರಿಸಿಕೊಂಡು ತಲೆ ಎಣಿಕೆಯನ್ನೂ ಮಾಡುತ್ತಾರೆ. 2024ರ ಜನವರಿಯ ಎಣಿಕೆಯಲ್ಲಿ ಸಿಕ್ಕಿದ್ದು 7,71,480 ಜನ. ನಮ್ಮ ಲೆಕ್ಕದ 100 ಇದ್ದ ಹಾಗೆ ಇದೂ ಒಂದು ರಾತ್ರಿಯ ಸಂಖ್ಯೆ ಅನ್ನೋದನ್ನು ಮರೀಬೇಡಿ.

ಹೆಸರು ಹಿಡಿದು ವರ್ಷಗಟ್ಟಲೆ ದಾಖಲೆ ಇಟ್ಟದ್ದರಿಂದ ಲಾಭ ಆಗಿಲ್ಲವೇ? ಖಂಡಿತ ಆಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೆನಿಸ್ ಕಲ್ಹೇನ್ ಮತ್ತು ಅವರ ಜೊತೆಗಾರ ರಾಂಡಲ್ ಕೂನ್ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳ ತಂಗುದಾಣಗಳ ದಾಖಲೆ ಹಿಡಿದು ಕೂತರು. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಂದವರಲ್ಲಿ ಸುಮಾರು ಶೇಕಡಾ 80ರಷ್ಟು ಜನ ಸ್ವಲ್ಪ ಕಾಲ ಇದ್ದು ಹೊರಟುಹೋಗುವವರು. ಸುಮಾರು ಶೇಕಡಾ 10 ಜನ ಹೋಗಿ ಬಂದು ಮಾಡುವವರು. ಇನ್ನುಳಿದ ಶೇಕಡಾ 10ರಷ್ಟು ಜನ ಅಲ್ಲೇ ಉಳಿದುಬಿಟ್ಟವರು, ಮತ್ತು ಒಟ್ಟು ಹಾಸಿಗೆ-ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧ ಅವರಿಗೇ ಹೋಗುತ್ತಿತ್ತು. ಆ ಸಣ್ಣ ಗುಂಪಿಗೆ ನೇರವಾಗಿ ಮನೆ ಕೊಡುವುದೇ ಮೇಲು ಎಂಬ ವಾದಕ್ಕೆ ಇದರಿಂದ ಬಲ ಬಂತು. ಒಂದು ರಾತ್ರಿಯ ಎಣಿಕೆಯಿಂದ ಇದು ಯಾವತ್ತೂ ಹೊರಗೆ ಬರುತ್ತಿರಲಿಲ್ಲ. ಆದ್ದರಿಂದ ದಾಖಲೆಯೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಪಟ್ಟಿಯಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಏನು? "ಮನೆಯಿಲ್ಲದವರು" ಅಂದರೆ ಯಾರು ಅನ್ನೋದು. ನಮ್ಮ 2011ರ ಜನಗಣತಿ ಅದಕ್ಕೊಂದು ಉತ್ತರ ಕೊಟ್ಟಿತ್ತು. ರಸ್ತೆ ಬದಿ, ಫುಟ್‌ಪಾತ್, ಫ್ಲೈಓವರ್ ಕೆಳಗೆ, ದೊಡ್ಡ ಸಿಮೆಂಟ್ ಕೊಳವೆ, ಗುಡಿ-ಮಂಟಪ, ರೈಲ್ವೆ ಪ್ಲಾಟ್‌ಫಾರಂ, ಇಂಥಲ್ಲಿ ಬದುಕುವವರು ವಸತಿರಹಿತರು. 2011ರ ಫೆಬ್ರವರಿ 28ರ ರಾತ್ರಿ ಅವರನ್ನು ಎಣಿಸಿದರು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಈಗ ಜತ್, ಅಕ್ಕಲಕೋಟೆ ಕಡೆಯ ಮಕ್ಕಳು ಯೋಚಿಸಿ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಹೋಗಿ, ಗದ್ದೆ ಪಕ್ಕದ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ದು, ಯುಗಾದಿ ಆಚೀಚೆ ಮರಳುವ ಕುಟುಂಬಕ್ಕೆ ಮನೆ ಇದೆಯೋ, ಇಲ್ಲವೋ? ಊರಲ್ಲಿ ಇದೆ, ಅಲ್ಲಿ ಇಲ್ಲ. ವ್ಯಾಖ್ಯೆ ಬದಲಾದರೆ ಸಂಖ್ಯೆ ಬದಲಾಗುತ್ತದೆ, ಸಂಖ್ಯೆ ಬದಲಾದರೆ ಹಣ ಬದಲಾಗುತ್ತದೆ. ಕಂಪ್ಯೂಟರ್ ಇದನ್ನು ತೀರ್ಮಾನಿಸುವುದಿಲ್ಲ, ಮನುಷ್ಯರೇ ಕೂತು ತೀರ್ಮಾನಿಸಬೇಕು.

ಎರಡನೆಯ ಕಷ್ಟ, ಒಬ್ಬರನ್ನು ಎರಡು ಸಲ ಎಣಿಸದೆ ಇರುವುದು. ಇದು ಎಷ್ಟು ಕಷ್ಟ ಅಂತ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಾದ ನಿಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ತಾಳವಾಡಿಯಲ್ಲಿ ತಮಿಳು ಅಕ್ಷರದಲ್ಲಿ ಬರೆದರೆ "ಪ"ಕ್ಕೂ "ಬ"ಕ್ಕೂ ಒಂದೇ ಅಕ್ಷರ. ಗೊತ್ತಿಲ್ಲದವರು ಅದನ್ನು ಪಸಪ್ಪ ಅಂತ ಓದಿಯಾರು. ತಮಿಳುನಾಡಿನಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಮುಂದೆ ಬರುತ್ತದೆ. ಸೊಲ್ಲಾಪುರದಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ರಾಯದುರ್ಗದ ಕಡೆ ಮನೆತನದ ಹೆಸರು ಮೊದಲು. ಕಾಸರಗೋಡಿನಲ್ಲಿ ಇನಿಶಿಯಲ್ ಮನೆ ಹೆಸರಿನದ್ದೂ ಆಗಿರಬಹುದು. ಒಬ್ಬನೇ ಬಸಪ್ಪ ಕೆಲಸ ಹುಡುಕಿಕೊಂಡು ಮೂರು ಊರು ಸುತ್ತಿದರೆ ಕಂಪ್ಯೂಟರಿಗೆ ಮೂವರು ಬಸಪ್ಪಂದಿರು.

ಉಚ್ಚಾರಣೆ ನೋಡಿ ಹೆಸರು ಜೋಡಿಸುವ ಉಪಾಯಗಳೂ ಇವೆ. ಸೌಂಡೆಕ್ಸ್ ಎಂಬ ಪದ್ಧತಿಗೆ ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲೇ ಪೇಟೆಂಟ್ ಪಡೆದಿದ್ದರು. ಇದು ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಆ ಪ್ರಕಾರ ಬಸಪ್ಪನಿಗೆ ಬಿ-210, ಪಸಪ್ಪನಿಗೆ ಪಿ-210. ಅಂಕಿ ಒಂದೇ, ಆದರೆ ಮೊದಲ ಅಕ್ಷರ ಬೇರೆ, ಹಾಗಾಗಿ ಜೋಡಿ ಕೂಡುವುದಿಲ್ಲ. ಇಂಗ್ಲಿಷ್ ಹೆಸರುಗಳಿಗೆ ಮಾಡಿದ ಉಪಾಯ ನಮ್ಮ ತಾಳವಾಡಿ ಬಸಪ್ಪನ ಹತ್ತಿರ ಎಡವುತ್ತದೆ. ಹುಟ್ಟಿದ ದಿನಾಂಕ ನೋಡೋಣ ಅಂದರೆ, ನಮ್ಮ ಹಿರಿಯರ ದಾಖಲೆಗಳಲ್ಲಿ ಜೂನ್ 1 ಎಷ್ಟು ಜನರದ್ದು ಅಂತ ನಿಮಗೇ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟುಹಬ್ಬ.

ತಪ್ಪಿನಲ್ಲೂ ಎರಡು ಬಗೆ ಇದೆ. ಒಬ್ಬ ಬಸಪ್ಪನನ್ನು ಇಬ್ಬರು ಅಂತ ಎಣಿಸಿದರೆ ಲೆಕ್ಕ ಸ್ವಲ್ಪ ಹೆಚ್ಚಾಗುತ್ತದೆ. ಇಬ್ಬರು ಬಸಪ್ಪಂದಿರನ್ನು ಒಬ್ಬ ಅಂತ ಜೋಡಿಸಿದರೆ ಒಬ್ಬನ ಔಷಧಿಯ ವಿವರ ಇನ್ನೊಬ್ಬನ ಹಾಳೆಗೆ ಹೋಗಿ ಕೂರುತ್ತದೆ. ಎರಡನೆಯದು ಹೆಚ್ಚು ಅಪಾಯ. ಆದ್ದರಿಂದ ಅನುಮಾನ ಇದ್ದ ಕಡೆ ಯಂತ್ರ ತಾನಾಗಿ ಜೋಡಿಸಬಾರದು, ಮನುಷ್ಯರನ್ನು ಕೇಳಬೇಕು ಎಂಬುದೂ ಪಟ್ಟಿಯಲ್ಲಿ ಇರಲಿ.

"ಇಷ್ಟೆಲ್ಲ ಯಾಕೆ ಸಾರ್? ಆಧಾರ್ ನಂಬರ್, ಬೆರಳಚ್ಚು ತಗೊಂಡ್ರೆ ಮುಗೀತಲ್ಲ?" ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಎಣಿಕೆಯೊಂದೇ ಗುರಿಯಾದರೆ ಅದು ಸಲೀಸು. ಆದರೆ ಬೀದಿಯಲ್ಲಿ ಮಲಗುವವರ ಕಾಗದಪತ್ರ ಮಳೆಗೆ ನೆನೆಯುತ್ತದೆ, ಗಂಟಿನ ಜೊತೆ ಕಳವಾಗುತ್ತದೆ. ಕಾರ್ಡ್ ಇದ್ದರೇ ಒಳಗೆ ಬಾ ಅಂದರೆ, ಯಾರಿಗೆ ಜಾಗ ಹೆಚ್ಚು ಬೇಕೋ ಅವರೇ ಹೊರಗೆ ಉಳಿಯುತ್ತಾರೆ. ಹೊರಗೆ ಉಳಿದವರು ಲೆಕ್ಕಕ್ಕೂ ಬರುವುದಿಲ್ಲ. ಅಂದರೆ ಲೆಕ್ಕ ನಿಖರ ಆಗಲಿ ಅಂತ ಹಾಕಿದ ನಿಯಮವೇ ಲೆಕ್ಕವನ್ನು ಕೆಡಿಸುತ್ತದೆ.

ಹೆದರಿಕೆಯ ವಿಷಯವೂ ಇದೆ. ಮನೆಯಲ್ಲಿ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಹೊರಬಂದ ತಾಯಿಯ ಹೆಸರು, ಅವಳು ಮಲಗುವ ಜಾಗ, ಎರಡೂ ಊರಿನ ಹತ್ತಾರು ಕಚೇರಿಗಳ ಪರದೆ ಮೇಲೆ ಕಂಡರೆ ಏನಾದೀತು? ಅಮೆರಿಕದಲ್ಲಿ ಈ ಬಗ್ಗೆ ದೊಡ್ಡ ತಕರಾರು ಎದ್ದಿತು. ಕೊನೆಗೆ 2005ರ ಕಾನೂನಿನಲ್ಲಿ, ಅಂಥ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಸಂಸ್ಥೆಗಳು ಅವರ ಗುರುತನ್ನು ಈ ಹಂಚಿಕೆಯ ವ್ಯವಸ್ಥೆಗೆ ಹಾಕಬಾರದು ಅಂತಲೇ ಆಯಿತು. ಅವರು ಬೇರೆ ದಾಖಲೆ ಇಟ್ಟುಕೊಂಡು ಒಟ್ಟು ಸಂಖ್ಯೆ ಮಾತ್ರ ಕೊಡುತ್ತಾರೆ. ನಮ್ಮ ದೇಶದಲ್ಲೂ ಇದಕ್ಕೆ ಆಧಾರ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮನೆ ಇದ್ದವರಿಗೆ ಬಾಗಿಲು ಮುಚ್ಚಿಕೊಳ್ಳಲು ಆಗುತ್ತದೆ. ಬಾಗಿಲೇ ಇಲ್ಲದವರಿಗೆ ಈ ಹಕ್ಕು ಇನ್ನೂ ಹೆಚ್ಚು ಬೇಕು.

ಇನ್ನೊಂದು ಮಾತು ಗಣಿತದವರಿಗೆ. ಉತ್ತರ ಸಿಗದ ಕಾಲಂನಲ್ಲಿ ಏನು ಬರೆಯಬೇಕು? ಅಮೆರಿಕದ ನಿಯಮಗಳಲ್ಲಿ "ಅವರಿಗೇ ಗೊತ್ತಿಲ್ಲ", "ಹೇಳಲು ಇಷ್ಟಪಡಲಿಲ್ಲ", "ನಾವು ಕೇಳಲೇ ಇಲ್ಲ", ಈ ಮೂರಕ್ಕೂ ಬೇರೆ ಬೇರೆ ಗುರುತು ಇದೆ. ಇದು ಬಹಳ ಒಳ್ಳೆ ಪದ್ಧತಿ. ಖಾಲಿ ಬಿಟ್ಟದ್ದು ಸೊನ್ನೆ ಅಲ್ಲ. "ಕಾಯಿಲೆ ಇದೆಯೇ?" ಎಂಬ ಕಾಲಂ 40 ಜನರದ್ದು ಖಾಲಿ ಇದ್ದರೆ, 40 ಜನ ಆರೋಗ್ಯವಾಗಿದ್ದಾರೆ ಅಂತ ವರದಿ ಬರೆಯುವುದು ಸುಳ್ಳು ಹೇಳಿದ ಹಾಗೆ.

ಸಮಯವನ್ನೂ ಲೆಕ್ಕ ಹಾಕಿ. ಸಂಜೆ 40 ಜನ ಬಾಗಿಲಲ್ಲಿ ನಿಂತಿದ್ದಾರೆ, ಬರೆದುಕೊಳ್ಳುವವರು ಒಬ್ಬರೇ. ಫಾರಂನಲ್ಲಿ 60 ಪ್ರಶ್ನೆ, ಒಂದಕ್ಕೆ ಅರ್ಧ ನಿಮಿಷ ಅಂದರೂ ಒಬ್ಬರಿಗೆ 30 ನಿಮಿಷ. 40 ಜನಕ್ಕೆ 20 ಗಂಟೆ! ಬೆಳಗಾದ ಮೇಲೂ ಮುಗಿಯುವುದಿಲ್ಲ. ಹಾಗಾದಾಗ ಬರೆಯುವವರು ಏನು ಮಾಡ್ತಾರೆ? ಕೇಳದೆಯೇ ಏನೋ ಒಂದು ತುಂಬಿಸುತ್ತಾರೆ. ಅದೇ ಆರು ಪ್ರಶ್ನೆ ಇದ್ದರೆ ಎಲ್ಲರದ್ದೂ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಉತ್ತರವೂ ನಿಜವಾಗಿರುತ್ತದೆ. ಕಾಲಂ ಹೆಚ್ಚಾದಷ್ಟೂ ಮಾಹಿತಿ ಹೆಚ್ಚಾಗುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು.

ಹಾಗಾಗಿ ನನ್ನ ಪಟ್ಟಿ ಹೀಗಿದೆ. ಒಂದು, ಬಂದವರಿಗೆ ಮೊದಲು ಊಟ, ಚಾಪೆ. ಪ್ರಶ್ನೆಗಳು ಆಮೇಲೆ, ಮತ್ತು ಉತ್ತರ ಕೊಡದಿದ್ದರೂ ಚಾಪೆ ಕಿತ್ತುಕೊಳ್ಳುವ ಹಾಗಿಲ್ಲ. ಎರಡು, ಪ್ರತಿ ಕಾಲಂನ ಮುಂದೆ, ಇದನ್ನು ಯಾರು ನೋಡುತ್ತಾರೆ, ಯಾವ ತೀರ್ಮಾನಕ್ಕೆ ಬಳಸುತ್ತಾರೆ ಅಂತ ಬರೆದಿರಬೇಕು. ಬರೆಯಲು ಆಗದಿದ್ದರೆ ಆ ಕಾಲಂ ಹೊಡೆದುಹಾಕಿ. ಮೂರು, ಅಡುಗೆಯವರಿಗೆ ಎಷ್ಟು ಜನ ಅಂತ ಕಂಡರೆ ಸಾಕು, ಕಾಯಿಲೆ ನರ್ಸ್‌ಗೆ ಮಾತ್ರ ಕಾಣಲಿ. ನಾಲ್ಕು, ಎಷ್ಟು ವರ್ಷ ಇಟ್ಟು ಯಾವಾಗ ಅಳಿಸುವುದು ಅಂತ ಮೊದಲೇ ಹೇಳಿರಲಿ. ಐದು, ತನ್ನ ಬಗ್ಗೆ ಏನು ಬರೆದಿದೆ ಅಂತ ಆ ವ್ಯಕ್ತಿ ತನ್ನ ಭಾಷೆಯಲ್ಲಿ ಕೇಳಿ ತಿಳಿಯಲು, ತಪ್ಪಿದ್ದರೆ ತಿದ್ದಿಸಲು ಆಗಬೇಕು. ಆರು, ಪಟ್ಟಿ ಮಾಡುವ ಸಭೆಯಲ್ಲಿ ಬೀದಿಯಲ್ಲಿ ಮಲಗಿ ಗೊತ್ತಿರುವವರೂ ಕೂತಿರಬೇಕು. ಮಳೆಗಾಲದಲ್ಲಿ ಯಾವ ಪ್ರಶ್ನೆ ಕೇಳಿದರೆ ಜನ ಎದ್ದು ಹೋಗುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರುವುದಿಲ್ಲ.

ಇದು ಬರೀ ದೂರದ ಮಾತಲ್ಲ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವ ಒಂದು ಕೇಂದ್ರ ಇರಬೇಕು ಅಂತ ನಮ್ಮ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. ಅಂಥ ಕೇಂದ್ರಗಳಿಗೆ ರಿಜಿಸ್ಟರ್ ಬೇಕೇ ಬೇಕು. ನಾಳೆ ಅದರ ಪ್ರೋಗ್ರಾಂ ಬರೆಯುವವರು, ಮೇಜಿನ ಹಿಂದೆ ಕೂತು ಪ್ರಶ್ನೆ ಕೇಳುವವರು ನಿಮ್ಮಲ್ಲೇ ಯಾರಾದರೂ ಇದ್ದೀರಿ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಪಕ್ಕದವರು ಅದನ್ನು ನಿಮ್ಮ ರಾಜ್ಯದ ಭಾಷೆಯಲ್ಲಿ ಬರೆಯಲಿ. ಮೂರನೆಯವರು ಅದನ್ನಷ್ಟೇ ನೋಡಿ ಇಂಗ್ಲಿಷಿಗೆ ತರಲಿ. ನಾಲ್ಕನೆಯವರು ಮತ್ತೆ ಕನ್ನಡಕ್ಕೆ ತರಲಿ. ಎಷ್ಟು ಹೆಸರು ಹಾಗೇ ಉಳಿದವು ಅಂತ ಎಣಿಸಿ. ಆಮೇಲೆ ಗುಂಪಾಗಿ ಕೂತು, ತಂಗುದಾಣದ ಫಾರಂಗೆ ಆರೇ ಆರು ಪ್ರಶ್ನೆ ಬರೆಯಿರಿ. ಏಳನೆಯದು ಬೇಕು ಅಂತ ಯಾರಾದರೂ ಹಟ ಹಿಡಿದರೆ, ಆ ಉತ್ತರದಿಂದ ಬಾಗಿಲಲ್ಲಿ ನಿಂತವರಿಗೆ ಏನು ಸಿಗುತ್ತದೆ ಅಂತ ಅವರನ್ನು ಕೇಳಿ.