ಓಲಂಡ ದ್ವೀಪಗಳ ಪ್ರಶ್ನೆ

ಒಂದು ಚಿಕ್ಕ ಜನಾಂಗದ ಸ್ವಯಮಾಡಳಿತವನ್ನು ಕಸಿದುಕೊಳ್ಳಲು ಯಾವಾಗಲೂ ಸೈನ್ಯವೇ ಬೇಕೆಂದಿಲ್ಲ. ಶತ್ರುವು ಬಲಾತ್ಕಾರದಿಂದ ಒಯ್ದ ಅಧಿಕಾರವು ಹೋಯಿತೆಂಬುದು ಜನರಿಗೆ ಒಡನೆಯೇ ತಿಳಿಯುವದು. ಅದನ್ನು ಮರಳಿ ಪಡೆಯುವ ಛಲವೂ ಹುಟ್ಟುವದು. ಆದರೆ ಸದುದ್ದೇಶದಿಂದ ಕಟ್ಟಲ್ಪಟ್ಟ ದೊಡ್ಡದೊಂದು ಒಕ್ಕೂಟದೊಳಕ್ಕೆ ತಾವೇ ಮತಕೊಟ್ಟು ಸೇರಿದ ಜನರ ಅಧಿಕಾರವು ಸದ್ದಿಲ್ಲದೆ ಸವೆಯುತ್ತ ಹೋದರೆ ಅವರು ದೂರುವದು ಯಾರನ್ನು? ಈ ಪ್ರಶ್ನೆಗೆ ಜೀವಂತ ಉದಾಹರಣೆಯು ಬಾಲ್ಟಿಕ ಸಮುದ್ರದ ಓಲಂಡ ದ್ವೀಪಗಳಲ್ಲಿ ದೊರೆಯುವದು. ಭಾಷೆಯ ಬೆಲೆಯನ್ನೂ ಆಡಳಿತದಲ್ಲಿ ಅದಕ್ಕಿರಬೇಕಾದ ಸ್ಥಾನವನ್ನೂ ಬಲ್ಲ ನಮ್ಮ ವಾಚಕರಿಗೆ ಈ ವೃತ್ತಾಂತವು ಮನನೀಯವಾದೀತೆಂದು ಇಲ್ಲಿ ವಿವರಿಸುತ್ತೇವೆ.

ನಕಾಶೆಗಳಲ್ಲಿ ಆಲಂಡ್ ಎಂದು ನಾವು ಓದುವ, ಅಲ್ಲಿಯವರು ಓಲಂಡ್ ಎಂದು ಉಚ್ಚರಿಸುವ ಈ ದ್ವೀಪಸಮೂಹವು ಸ್ವೀಡನ್ ಹಾಗೂ ಫಿನ್ಲಂಡ ದೇಶಗಳ ನಡುವೆ ಇರುವದು. ಸಣ್ಣ ಬಂಡೆಗಳನ್ನೂ ಕೂಡಿಸಿ ಎಣಿಸಿದರೆ ಆರು ಸಾವಿರಕ್ಕೂ ಹೆಚ್ಚು ದ್ವೀಪಗಳಿದ್ದರೂ ಜನವಸತಿ ಇರುವದು ಸುಮಾರು ಅರವತ್ತರಲ್ಲಿ ಮಾತ್ರ. ಜನಸಂಖ್ಯೆ ಸುಮಾರು 30,000. ರಾಜಧಾನಿ ಮಾರಿಯೆಹಾಮ್ನ್. ರಾಜ್ಯ ಫಿನ್ಲಂಡದ್ದು, ಭಾಷೆ ಸ್ವೀಡಿಶ್. ಪ್ರಶ್ನೆಯ ಬೇರು ಇರುವದು ಇಲ್ಲಿಯೇ.

ಹಿಂದಿನ ಸಂಗತಿಯನ್ನು ಸಂಕ್ಷೇಪವಾಗಿ ನೋಡೋಣ. 1809ರಲ್ಲಿ ಸ್ವೀಡನ್ ದೇಶವು ಯುದ್ಧದಲ್ಲಿ ಸೋತು ಫಿನ್ಲಂಡವನ್ನೂ ಅದರೊಡನೆ ಈ ದ್ವೀಪಗಳನ್ನೂ ರಶಿಯಾಕ್ಕೆ ಒಪ್ಪಿಸಿತು. ರಶಿಯನ್ನರು ಬೊಮಾರ್ಸುಂಡದಲ್ಲಿ ಕಟ್ಟುತ್ತಿದ್ದ ಕೋಟೆಯನ್ನು ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಇಂಗ್ಲಿಷರೂ ಫ್ರೆಂಚರೂ ಕೂಡಿ ಕೆಡವಿದರು. ದ್ವೀಪಗಳಲ್ಲಿ ಇನ್ನು ಕೋಟೆಕೊತ್ತಲಗಳು ಏಳಕೂಡದೆಂದು 1856ರ ಪ್ಯಾರಿಸ್ ಒಡಂಬಡಿಕೆಯಲ್ಲಿ ಕಟ್ಟಾಯಿತು. 1917ರಲ್ಲಿ ರಶಿಯನ್ ಸಾಮ್ರಾಜ್ಯವು ಕುಸಿಯುತ್ತಿರಲು, ತಮ್ಮ ಹಳೆಯ ಮಾತೃದೇಶವಾದ ಸ್ವೀಡನ್ನನ್ನು ಮರಳಿ ಸೇರಬೇಕೆಂದು ದ್ವೀಪದವರು ನಿರ್ಧರಿಸಿದರು. ಆ ಮನವಿಗೆ ಏಳು ಸಾವಿರಕ್ಕೂ ಹೆಚ್ಚು ಜನರು, ಅಂದರೆ ಪ್ರಾಯಕ್ಕೆ ಬಂದವರಲ್ಲಿ ಬಹುತೇಕ ಎಲ್ಲರೂ, ಸಹಿ ಹಾಕಿದರು. ಅದೇ ವರ್ಷ ಡಿಸೆಂಬರದಲ್ಲಿ ಸ್ವತಂತ್ರವಾದ ಫಿನ್ಲಂಡವಾದರೋ ತನ್ನ ನೆಲದ ತುಂಡನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 1920ರಲ್ಲಿ ಅದು ಸ್ವಯಮಾಡಳಿತದ ಕಾಯದೆಯೊಂದನ್ನು ಮಾಡಿ ಮುಂದಿಟ್ಟಿತು. ದ್ವೀಪದವರು ಅದನ್ನು ಒಲ್ಲೆವೆಂದರು. ಅವರ ಮುಂದಾಳುಗಳಾದ ಯೂಲಿಯಸ್ ಸುಂಡ್‌ಬ್ಲೂಮ್ ಹಾಗೂ ಕಾರ್ಲ್ ಬ್ಯೋರ್ಕ್‌ಮನ್ ಇವರನ್ನು ರಾಜದ್ರೋಹದ ಆಪಾದನೆಯ ಮೇಲೆ ಸೆರೆಹಿಡಿಯಲಾಯಿತು.

ವ್ಯಾಜ್ಯವು ರಾಷ್ಟ್ರಸಂಘದ ಮುಂದೆ ಹೋಯಿತು. 1921ನೆಯ ಇಸವಿಯ ಜೂನ್ 24ರಂದು ಸಂಘದ ಕಾರ್ಯಮಂಡಲವು ತೀರ್ಪನ್ನಿತ್ತಿತು: ಒಡೆತನವು ಫಿನ್ಲಂಡದ್ದು, ಆದರೆ ದ್ವೀಪದವರ ಸ್ವೀಡಿಶ್ ಭಾಷೆ, ನೆಲ, ನಡೆನುಡಿಗಳಿಗೆ ಫಿನ್ಲಂಡವು ಭದ್ರತೆ ಕೊಡತಕ್ಕದ್ದು. ಅದೇ ವರ್ಷ ಹತ್ತು ರಾಷ್ಟ್ರಗಳು ಕೂಡಿ ದ್ವೀಪಗಳು ತಟಸ್ಥವಾಗಿಯೂ ಸೈನ್ಯರಹಿತವಾಗಿಯೂ ಇರತಕ್ಕದ್ದೆಂದು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ವರ್ಷ ಜೂನ್ 9ರಂದು ದ್ವೀಪಗಳ ಶಾಸನಸಭೆಯು ಮೊದಲ ಸಲ ಕೂಡಿತು. ಎರಡು ವರ್ಷಗಳ ಹಿಂದೆ ದ್ರೋಹಿಯೆನಿಸಿ ಸೆರೆ ಕಂಡಿದ್ದ ಸುಂಡ್‌ಬ್ಲೂಮ್ ಆ ಸಭೆಯ ಅಧ್ಯಕ್ಷನಾದನು. ಬ್ಯೋರ್ಕ್‌ಮನ್ ಸರಕಾರದ ಮುಖ್ಯನಾದನು. ಬೇಡಿದ್ದು ಸಿಕ್ಕಲಿಲ್ಲವೆಂದು ಮುನಿಸಿ ಕೂಡದೆ, ಸಿಕ್ಕಿದ್ದನ್ನು ಹಿಡಿದು ಮನೆ ಕಟ್ಟಿದ ಅವರ ವಿವೇಕವು ಶ್ಲಾಘನೀಯವಾದುದು.

ಆ ಮನೆಯು ಗಟ್ಟಿಯಾಗಿಯೇ ನಿಂತಿತು. ದ್ವೀಪಗಳ ಆಡಳಿತಭಾಷೆ ಸ್ವೀಡಿಶ್ ಒಂದೇ. ಸಾರ್ವಜನಿಕ ಶಾಲೆಗಳ ಪಾಠವೆಲ್ಲ ಆ ಭಾಷೆಯಲ್ಲಿ. ಅಲ್ಲಿ ನೆಲ ಕೊಳ್ಳಲಿಕ್ಕೂ, ಶಾಸನಸಭೆಗೆ ಮತ ಕೊಡಲಿಕ್ಕೂ 'ಊರಿನ ಹಕ್ಕು' ಎಂಬ ವಿಶೇಷವಾದ ಹಕ್ಕು ಇರಬೇಕು. ಹೊರಗಿನಿಂದ ಬಂದವನು ಅದನ್ನು ಪಡೆಯಬೇಕಾದರೆ ಫಿನ್ಲಂಡದ ಪ್ರಜೆಯಾಗಿದ್ದು, ಐದು ವರ್ಷ ಅಲ್ಲಿ ನೆಲಸಿ, ಸ್ವೀಡಿಶ್ ಬಲ್ಲವನಾಗಿರಬೇಕು. ಶಿಕ್ಷಣ, ಆರೋಗ್ಯ, ಕೈಗಾರಿಕೆ, ಪೋಲೀಸು, ಅಂಚೆ, ಬೇಟೆ, ಪರಿಸರ ರಕ್ಷಣೆ ಇವೆಲ್ಲ ಮೂವತ್ತು ಜನ ಸದಸ್ಯರ ಆ ಶಾಸನಸಭೆಗೆ ಸೇರಿದ ವಿಷಯಗಳು. ಸ್ವಯಮಾಡಳಿತದ ಕಾಯದೆಯನ್ನು ಫಿನ್ಲಂಡದ ಪಾರ್ಲಿಮೆಂಟು ತಾನೊಂದೇ ತಿದ್ದಲಾರದು. ದ್ವೀಪದ ಸಭೆಯ ಸಮ್ಮತಿಯೂ ಬೇಕು. 1946ರಲ್ಲಿ ರಾಷ್ಟ್ರಸಂಘವು ಅಳಿದುಹೋಗಿ, ಅದರ ಮೇಲ್ವಿಚಾರಣೆಯ ಭಾರವನ್ನು ವಿಶ್ವಸಂಸ್ಥೆಯು ಔಪಚಾರಿಕವಾಗಿ ವಹಿಸಿಕೊಳ್ಳದಿದ್ದರೂ ಫಿನ್ಲಂಡವು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾಯದೆಯು 1951ರಲ್ಲಿಯೂ, ಪುನಃ 1991ರಲ್ಲಿಯೂ ಹೊಸದಾಗಿ ರಚಿತವಾದಾಗ ದ್ವೀಪದವರ ಅಧಿಕಾರವು ವಿಸ್ತಾರವಾಯಿತೇ ಹೊರತು ಕುಗ್ಗಲಿಲ್ಲ.

ಈ ಸ್ಥಿತಿಯಲ್ಲಿ ಫಿನ್ಲಂಡವು ಯುರೋಪಿಯನ್ ಒಕ್ಕೂಟವನ್ನು ಸೇರುವ ಪ್ರಶ್ನೆ ಬಂದಿತು. ದ್ವೀಪಗಳು ತಾವಾಗಿಯೇ ಅದರ ಬಾಲ ಹಿಡಿದು ಹೋಗಬೇಕಾಗಿರಲಿಲ್ಲ. ಡೆನ್ಮಾರ್ಕದ ಒಡೆತನಕ್ಕೆ ಒಳಪಟ್ಟ ಫೆರೋ ದ್ವೀಪಗಳು 1973ರಲ್ಲಿ ಹೊರಗೇ ಉಳಿದಿದ್ದವು. ಗ್ರೀನ್ಲಂಡವು ಒಳಗೆ ಹೋಗಿ, ಮೀನುಗಾರಿಕೆಯ ಹಕ್ಕಿಗಾಗಿ ಲೋಕಮತ ತೆಗೆದುಕೊಂಡು, 1985ರಲ್ಲಿ ಹೊರಬಿದ್ದಿತ್ತು. ಓಲಂಡದವರು 1994ರ ನವೆಂಬರ 20ರಂದು ಪ್ರತ್ಯೇಕವಾಗಿ ಮತ ಹಾಕಿದರು. ಮತಗಳಲ್ಲಿ ಸುಮಾರು ಮುಕ್ಕಾಲು ಪಾಲು ಸೇರ್ಪಡೆಯ ಪರವಾಗಿ ಬಿದ್ದವು. ಪೂರ್ವದಲ್ಲಿ ಫಿನ್ಲಂಡವೂ ಪಶ್ಚಿಮದಲ್ಲಿ ಸ್ವೀಡನ್ನೂ ಒಳಗೆ ಹೋಗುತ್ತಿರಲು ನಡುವಿನವರು ಹೊರಗೆ ನಿಲ್ಲುವದು ಸುಲಭವಾಗಿರಲಿಲ್ಲ.

ಅವರು ಬರಿಗೈಯಲ್ಲಿ ಸೇರಲಿಲ್ಲವೆಂಬುದನ್ನೂ ಹೇಳಬೇಕು. ಸೇರ್ಪಡೆಯ ಕರಾರಿಗೆ ಲಗತ್ತಾದ ಪ್ರತ್ಯೇಕ ಪತ್ರದಲ್ಲಿ ಎರಡು ವಿನಾಯಿತಿಗಳು ದೊರೆತವು. ನೆಲ ಮತ್ತು ವ್ಯಾಪಾರದ ಬಗೆಗಿನ ಊರಿನ ಹಕ್ಕು ಮೊದಲಿನಂತೆ ನಡೆಯುವದೆಂಬುದು ಒಂದು. ಮಾರಾಟದ ತೆರಿಗೆ ಮೊದಲಾದ ಪರೋಕ್ಷ ತೆರಿಗೆಗಳ ವಿಷಯದಲ್ಲಿ ದ್ವೀಪಗಳನ್ನು ಒಕ್ಕೂಟದ ಹೊರಗಿನ ನಾಡೆಂದು ಎಣಿಸಬೇಕೆಂಬುದು ಇನ್ನೊಂದು. ಎರಡನೆಯದರಿಂದ ಹಡಗುಗಳ ವ್ಯಾಪಾರವು ಉಳಿಯಿತು. 1999ರಲ್ಲಿ ಒಕ್ಕೂಟದ ದೇಶದೇಶಗಳ ನಡುವೆ ಸುಂಕವಿಲ್ಲದ ಮಾರಾಟವು ನಿಂತಾಗಲೂ, ಸ್ವೀಡನ್-ಫಿನ್ಲಂಡ ನಡುವಣ ಹಡಗುಗಳು ಓಲಂಡದ ಬಂದರವನ್ನು ಮುಟ್ಟಿಹೋದರೆ ಆ ಮಾರಾಟವನ್ನು ನಡೆಸಬಹುದು. ಆದರೆ ಒಂದು ಕೈಯಲ್ಲಿ ಬಂದ ಲಾಭಕ್ಕೆ ಇನ್ನೊಂದು ಕೈಯಿಂದ ಬೆಲೆ ತೆರಬೇಕಾಯಿತು. ಫಿನ್ಲಂಡ ಮತ್ತು ಅದರದೇ ದ್ವೀಪಗಳ ನಡುವೆ ತೆರಿಗೆಯ ಗಡಿಯೊಂದು ಎದ್ದಿತು. ಸ್ವದೇಶದಿಂದಲೇ ಸರಕು ತರಿಸುವ ಮಾರಿಯೆಹಾಮ್ನಿನ ಸಣ್ಣ ಅಂಗಡಿಕಾರನು ಸುಂಕದ ಕಾಗದಪತ್ರಗಳನ್ನು ಬರೆಯುವ ತಾಪತ್ರಯಕ್ಕೆ ಒಳಗಾದನು.

ಇದೆಲ್ಲ ಸಹ್ಯವಾದುದು. ನಿಜವಾದ ಕೊರತೆ ಬೇರೆಯೇ ಇರುವದು. ಒಕ್ಕೂಟವನ್ನು ಸೇರಿದೊಡನೆ ಫಿನ್ಲಂಡದ ಪಾರ್ಲಿಮೆಂಟಿನ ಅಧಿಕಾರದೊಂದಿಗೆ ಓಲಂಡದ ಸಭೆಯ ಅಧಿಕಾರದ ಒಂದು ಭಾಗವೂ ಬ್ರಸೆಲ್ಸಿಗೆ ಹೋಯಿತು. ಫಿನ್ಲಂಡಕ್ಕೆ ಕೊಟ್ಟದ್ದರ ಬದಲಾಗಿ ಮಂತ್ರಿಮಂಡಲದಲ್ಲಿ ಪೀಠವೂ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಸ್ಥಾನಗಳೂ ಬಂದವು. ಓಲಂಡಕ್ಕೆ ಎರಡೂ ಇಲ್ಲ. ಪ್ರಾದೇಶಿಕ ಸಮಿತಿಯಲ್ಲಿ ಅದಕ್ಕೊಂದು ಸ್ಥಾನವಿರುವದು ನಿಜ. ಆದರೆ ಆ ಸಮಿತಿಯ ಕೆಲಸ ಸಲಹೆ ಕೊಡುವದು, ಕಾಯದೆ ಮಾಡುವದಲ್ಲ. ತನ್ನ ಅಧಿಕಾರದ ವಿಷಯಗಳಲ್ಲಿ ಫಿನ್ಲಂಡದ ಅಭಿಪ್ರಾಯವನ್ನು ಸಿದ್ಧಪಡಿಸುವಾಗ ದ್ವೀಪದ ಸರಕಾರವು ಭಾಗವಹಿಸಬಹುದು. ಇಬ್ಬರಿಗೂ ಹೊಂದದಿದ್ದರೆ ದ್ವೀಪದ ಮತವನ್ನೂ ತಿಳಿಸಬೇಕೆಂದು ಕೇಳಬಹುದು. ಆದರೆ ಮತ ಹಾಕುವ ಕೈಯು ಫಿನ್ಲಂಡದ ಮಂತ್ರಿಯದು. ಪಂಕ್ತಿಯ ಖರ್ಚಿನಲ್ಲಿ ಪಾಲುಂಟು, ಪಂಕ್ತಿಯಲ್ಲಿ ಎಲೆಯಿಲ್ಲ ಎಂಬಂತಾಯಿತು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಎರಡು ಖಟ್ಲೆಗಳನ್ನು ನೋಡಿರಿ. ವಸಂತಕಾಲದಲ್ಲಿ ಮಂಜು ಕರಗಿದಾಗ ಐಡರ್ ಎಂಬ ಕಡಲಬಾತುಗಳನ್ನು ಬೇಟೆಯಾಡುವದು ಆ ದ್ವೀಪದವರ ಹಳೆಯ ಪದ್ಧತಿ. ಒಕ್ಕೂಟದ ಪಕ್ಷಿರಕ್ಷಣೆಯ ನಿಯಮಕ್ಕೆ ಇದು ವಿರುದ್ಧವೆಂದು ಒಕ್ಕೂಟದ ನ್ಯಾಯಾಲಯವು 2005ರಲ್ಲಿಯೂ, ಪುನಃ 2020ರಲ್ಲಿಯೂ ತೀರ್ಪು ಕೊಟ್ಟಿತು. ಇನ್ನೊಂದು, ತುಟಿಯಡಿಯಲ್ಲಿ ಇಟ್ಟುಕೊಳ್ಳುವ ಸ್ನೂಸ್ ಎಂಬ ತಂಬಾಕಿನದು. ಸ್ವೀಡನ್ ದೇಶವು ತನ್ನ ಜನರಿಗಾಗಿ ಅದಕ್ಕೆ ವಿನಾಯಿತಿ ಪಡೆದುಕೊಂಡಿತು. ಅದೇ ಭಾಷೆಯ, ಅದೇ ಅಭ್ಯಾಸದ ಓಲಂಡದವರಿಗೆ ಅದು ದೊರೆಯಲಿಲ್ಲ. ಓಲಂಡದ ಹಡಗುಗಳಲ್ಲಿ ಅದರ ಮಾರಾಟವನ್ನು ತಡೆಯಲಿಲ್ಲವೆಂದು 2006ರಲ್ಲಿ ತೀರ್ಪಾಯಿತು. ಬೇಟೆಯಾಗಲಿ ಜನಾರೋಗ್ಯವಾಗಲಿ ಓಲಂಡದ ಸಭೆಗೆ ಸೇರಿದ ವಿಷಯ. ಆದರೂ ಈ ಖಟ್ಲೆಗಳಲ್ಲಿ ಪ್ರತಿವಾದಿಯೆಂದು ನಿಂತದ್ದು ಫಿನ್ಲಂಡ. ಕಾಯದೆ ಮಾಡಿದವರಿಗೆ ಕಟಕಟೆಯಲ್ಲಿ ಸ್ವಂತದ ಸ್ಥಾನವಿಲ್ಲ. ಸ್ಥಾನವಿದ್ದವರು ಆ ಕಾಯದೆಯನ್ನು ಮಾಡಿದವರಲ್ಲ.

ಬಾತುಗಳನ್ನು ಕೊಲ್ಲುವದು ಸರಿಯೆಂದಾಗಲಿ, ತಂಬಾಕು ಹಿತಕರವೆಂದಾಗಲಿ ನಾವು ಹೇಳುತ್ತಿಲ್ಲ. ನ್ಯಾಯಾಲಯದ ತೀರ್ಪು ಪಕ್ಷಿಗಳಿಗೆ ಒಳಿತನ್ನೇ ಮಾಡಿರಬಹುದು. ತಪ್ಪು ಮಾಡುವ ಹಕ್ಕನ್ನು ಯಾವ ಸ್ವಯಮಾಡಳಿತವೂ ಬೇಡಲಾರದು. ಆದರೆ ತನ್ನನ್ನು ಕಟ್ಟುವ ನಿಯಮವನ್ನು ಮಾಡುವಾಗ ಬಾಯಿ ತೆರೆಯುವ ಹಕ್ಕನ್ನೂ, ಆ ನಿಯಮವನ್ನು ಮುರಿದೆಯೆಂದು ಕೇಳುವಾಗ ಉತ್ತರ ಹೇಳುವ ಹಕ್ಕನ್ನೂ ಬೇಡುವದು ಅನ್ಯಾಯವಲ್ಲ. ಇವೆರಡೂ ಇಲ್ಲದಲ್ಲಿ ಶಾಸನಸಭೆಯು ಕ್ರಮೇಣ ಮೇಲಿನವರ ಹುಕುಮುಗಳನ್ನು ನಕಲು ಮಾಡುವ ಕಚೇರಿಯಾಗುವದು.

ಓಲಂಡದವರು ಬಹುಕಾಲದಿಂದ ಕೇಳುತ್ತಿರುವದು ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಒಂದು ಸ್ಥಾನ. ಇದಕ್ಕೆ ಬರುವ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. 2024ರ ಚುನಾವಣೆಯಲ್ಲಿ ಫಿನ್ಲಂಡದ ಪಾಲಿಗೆ ಬಂದ ಸ್ಥಾನಗಳು ಹದಿನೈದೇ. ಐವತ್ತೈದು ಲಕ್ಷ ಜನರ ದೇಶದಲ್ಲಿ ಮೂವತ್ತು ಸಾವಿರ ಜನರಿಗೆ ಒಂದು ಸ್ಥಾನ ಮೀಸಲಿಟ್ಟರೆ ಒಬ್ಬೊಬ್ಬರ ಮತದ ತೂಕವು ಸಮನಾಗದು. ಲೆಕ್ಕವು ಸರಿಯಾದುದೇ. ಆದರೆ ಒಕ್ಕೂಟವು ತಾನೇ ಈ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ಐದೂವರೆ ಲಕ್ಷದಷ್ಟು ಜನರಿರುವ ಮಾಲ್ಟಾ ದೇಶಕ್ಕೆ ಆರು ಸ್ಥಾನಗಳಿವೆ. ಆ ಪ್ರಮಾಣವನ್ನು ಜರ್ಮನಿಗೆ ಅನ್ವಯಿಸಿದರೆ ಸಭಾಗೃಹವೇ ಸಾಲದು. ಚಿಕ್ಕವರ ಧ್ವನಿಯು ಅಡಗಬಾರದೆಂದೇ ಆ ಏರ್ಪಾಡು. ಇನ್ನೂ ಹತ್ತಿರದ ಮೇಲ್ಪಂಕ್ತಿಯು ಬೆಲ್ಜಿಯಮ್ಮಿನಲ್ಲಿರುವದು. ಅಲ್ಲಿಯ ಜರ್ಮನ್ ಭಾಷಿಕರ ಸಮುದಾಯವು ಎಂಬತ್ತು ಸಾವಿರದಷ್ಟು ಮಾತ್ರ. ಬೆಲ್ಜಿಯಮ್ ತನ್ನ ಪಾಲಿನಿಂದಲೇ ಅವರಿಗೊಂದು ಸ್ಥಾನವನ್ನು ತೆಗೆದಿಟ್ಟಿದೆ. ಅದರಿಂದ ಬೆಲ್ಜಿಯಮ್ ಕುಗ್ಗಿಹೋಗಲಿಲ್ಲ.

ಹೀಗಿರುವದರಿಂದ ಪ್ರಶ್ನೆಯ ಕೀಲಿಕೈ ಇರುವದು ಬ್ರಸೆಲ್ಸಿನಲ್ಲಲ್ಲ, ಹೆಲ್ಸಿಂಕಿಯಲ್ಲಿ. ನೂರು ವರ್ಷ ಮಾತಿಗೆ ತಪ್ಪದ ರಾಷ್ಟ್ರವು ಇನ್ನೊಂದು ಹೆಜ್ಜೆ ಮುಂದಿಡಬೇಕು. 1921ರ ಭದ್ರತೆಯು ಫಿನ್ಲಂಡದಿಂದ ಬರಬಹುದಾದ ಅಪಾಯವನ್ನು ನೋಡಿ ರಚಿತವಾದುದು; ಫಿನ್ಲಂಡಕ್ಕೂ ಮೇಲೊಂದು ಅಧಿಕಾರವು ಏಳುವದೆಂದು ಆಗ ಯಾರು ಕಂಡಿದ್ದರು? 2023ರಲ್ಲಿ ಫಿನ್ಲಂಡವು ನಾಟೋ ಎಂಬ ಸೈನಿಕ ಕೂಟವನ್ನೂ ಸೇರಿದ್ದರಿಂದ, ಸೈನ್ಯರಹಿತ ದ್ವೀಪಗಳೆಂಬ ಹಳೆಯ ಕಟ್ಟಿನ ವಿಷಯವಾಗಿಯೂ ಚರ್ಚೆಗಳು ಎದ್ದಿವೆ. ಇಂಥ ಕಾಲದಲ್ಲಿ ದ್ವೀಪದವರ ನಂಬಿಕೆಯನ್ನು ಉಳಿಸಿಕೊಳ್ಳುವದು ಫಿನ್ಲಂಡದ ಹಿತಕ್ಕೂ ಅವಶ್ಯವಾದುದು.

ಕಾಗದದ ಮೇಲಿನ ಭದ್ರತೆಯು ಅದನ್ನು ಬರೆದ ಕಾಲದ ಅಪಾಯಗಳಿಂದ ಮಾತ್ರ ಕಾಯಬಲ್ಲುದು. ಹೊಸ ಅಪಾಯಗಳಿಂದ ಕಾಯುವದು ಕಾಯದೆಯಾಗುವ ಮನೆಯಲ್ಲಿರುವ ಪೀಠ. ಓಲಂಡದವರಿಗೆ ಆ ಪೀಠವು ದೊರೆಯಲಿ. ದೊಡ್ಡ ಒಕ್ಕೂಟಕ್ಕೆ ಶೋಭೆಯೂ ಅದರಲ್ಲಿಯೇ ಇರುವದು.