ಕೆರೆಯ ದುಡ್ಡು ಯಾರ ಮನೆಯದು?



ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಬೀಳುವ ಭರವಸೆಯಿಲ್ಲ. ಮೊದಲನೆಯದು ಹುಸಿಹೋದರೆ ರೈತ ಸುಮ್ಮನಿರುತ್ತಾನೆಯೇ? ಹೆಂಡತಿಯ ಒಡವೆ ಅಡವಿಟ್ಟು ಎರಡನೆಯದು ಕೊರೆಸುತ್ತಾನೆ. ಅದೂ ಹೋದರೆ ಕೈಸಾಲ ಮಾಡಿ ಮೂರನೆಯದು. ನೀರು ಬಂತೋ ಇಲ್ಲವೋ, ಬಡ್ಡಿ ಮಾತ್ರ ತಪ್ಪದೆ ಬರುತ್ತೆ. ಅದೇ ಊರಿನ ಕೆರೆಯಲ್ಲಿ ಹೂಳು ತುಂಬಿ ಜಾಲಿ ಬೆಳೆದು ನಿಂತಿರುತ್ತೆ. ನೆಲದೊಳಗಿನ ನೀರಿಗೆ ಒಬ್ಬೊಬ್ಬರೇ ಸಾಲ ಮಾಡುತ್ತೇವೆ. ಆ ನೀರನ್ನು ನೆಲಕ್ಕಿಳಿಸುವ ಕೆರೆಯ ಮಾತು ಬಂದರೆ ಮಾತ್ರ "ದುಡ್ಡೆಲ್ಲಿದೆ ಸ್ವಾಮಿ?" ಅನ್ನುತ್ತೇವೆ.

ದುಡ್ಡು ಇದೆ. ನಾವು ಕೇಳಬೇಕಾದ ಜಾಗದಲ್ಲಿ, ಕೇಳಬೇಕಾದ ಹೊತ್ತಿನಲ್ಲಿ ಕೇಳುತ್ತಿಲ್ಲ, ಅಷ್ಟೆ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಕೆರೆ ಕಟ್ಟಿಸಿದವರಿಗೆ, ಅದರ ದುರಸ್ತಿ ನೋಡಿಕೊಳ್ಳುವವರಿಗೆ ಜಮೀನು ಬಿಟ್ಟುಕೊಡುತ್ತಿದ್ದರು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ಇಂದಿಗೂ ಇವೆ. ಅಂದರೆ ಕೆರೆಯ ಖರ್ಚು ವರ್ಷವರ್ಷವೂ ಹುಟ್ಟುವ ಏರ್ಪಾಡನ್ನು ಕೆರೆಯ ಜೊತೆಗೇ ಮಾಡುತ್ತಿದ್ದರು. ಈಗ? ಗುತ್ತಿಗೆದಾರನ ಬಿಲ್ಲು ಪಾಸಾಯಿತು ಎಂದರೆ ಕೆರೆಯ ಕಥೆ ಮುಗಿಯಿತು.

ಇನ್ನು ಈಗಿನ ಹಣ ನೋಡಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಅನುದಾನ ಶಿಫಾರಸು ಮಾಡಿತು. ಅದರಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಕುಡಿಯುವ ನೀರು, ಮಳೆನೀರಿನ ಸಂಗ್ರಹ, ನೀರಿನ ಮರುಬಳಕೆಗೇ 30 ಭಾಗ. ನಿಮ್ಮ ಪಂಚಾಯ್ತಿಗೆ ಇದರಲ್ಲಿ ಎಷ್ಟು ಬಂತು? ಯಾವ ಮೋರಿಗೆ ಹೋಯಿತು? ಒಂದು ಸಲವಾದರೂ ಕೇಳಿದ್ದೀರಾ? 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಇದಕ್ಕೆ. ಅರ್ಜಿಗೆ ಹತ್ತು ರೂಪಾಯಿ.

ಎರಡನೆಯದು ಕೂಲಿಯ ಹಣ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ನೀರು ಸಂರಕ್ಷಣೆಯ ಕೆಲಸಕ್ಕೆ ಮೊದಲ ಜಾಗವಿತ್ತು. ಅದರ ಬದಲಿಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಬೇರೆ ಕಾಯ್ದೆ ಮಾಡಿತು. ಅದರ ಪ್ರಕಾರ ನಮ್ಮಂಥ ರಾಜ್ಯಗಳು ಖರ್ಚಿನ ನೂರಕ್ಕೆ 40 ಭಾಗ ಹೊರಬೇಕು. ಇದರ ತಕರಾರು ಬೇರೆಯೇ ಇದೆ. ಆದರೆ ಅದರಲ್ಲೂ ನೀರಿನ ಭದ್ರತೆಯ ಕೆಲಸಕ್ಕೆ ಮುಂಚೂಣಿಯ ಜಾಗವಿದೆ, ಆ ಕೆಲಸ ಪಂಚಾಯ್ತಿಯ ಯೋಜನೆಯಲ್ಲಿ ಬರೆದಿರಬೇಕು. ಬರೆಯದ ಕೆರೆಗೆ ಬಿಡಿಗಾಸೂ ಇಲ್ಲ.

ಹಾಗಂತ ಅನುದಾನ ಎಂದಾಕ್ಷಣ ಕೈ ಮುಗಿಯಬೇಡಿ. 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳದ್ದು. ಒಟ್ಟು 6,000 ಕೋಟಿ. ಅದರಲ್ಲಿ 3,000 ಕೋಟಿ ವಿಶ್ವಬ್ಯಾಂಕಿನ ಸಾಲ. ಊರಿಗೆ ಅನುದಾನ, ದೇಶದ ತಲೆಗೆ ಸಾಲ! 2002ರಲ್ಲಿ ನಮ್ಮ ರಾಜ್ಯದಲ್ಲಿ ಜಲಸಂವರ್ಧನೆ ಯೋಜನೆ ಬಂದಾಗಲೂ ಹಿಂದೆ ಇದ್ದದ್ದು ಅದೇ ಬ್ಯಾಂಕು. ಆಗ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿದರು. ನಿಮ್ಮೂರಿನ ಸಂಘ ಈಗ ಉಸಿರಾಡುತ್ತಿದೆಯೇ? ಯಾರು ಕೊಟ್ಟರೂ ಎರಡು ಮಾತು ಕೇಳಿ: ಇದು ಯಾರ ಸಾಲ? ಕೆಲಸ ಮುಗಿದ ಮೇಲೆ ತೂಬು ನೋಡುವವರು ಯಾರು?

ಈಗ ಮಾಡಬೇಕಾದದ್ದು. ಮೊದಲು ಕೆರೆ ಯಾರ ಸುಪರ್ದಿನಲ್ಲಿದೆ ತಿಳಿಯಿರಿ. ಅಚ್ಚುಕಟ್ಟು 40 ಹೆಕ್ಟೇರಿನ ಒಳಗಿದ್ದರೆ ಪಂಚಾಯತ್ ವ್ಯವಸ್ಥೆಯದು, ಅದರ ಮೇಲಿದ್ದರೆ ಸಣ್ಣ ನೀರಾವರಿ ಇಲಾಖೆಯದು. ತಪ್ಪು ಬಾಗಿಲು ತಟ್ಟಿ ಚಪ್ಪಲಿ ಸವೆಸಬೇಡಿ. ಎರಡು, ಸರ್ವೆ ಮಾಡಿಸಿ ಒತ್ತುವರಿ ಗುರುತಿಸಿ. ಒತ್ತಿದವರು ನಮ್ಮವರೇ ಆಗಿದ್ದರೂ ಸರಿ. ಮೂರು, ಹೂಳಿಗಿಂತ ಮುಂಚೆ ನೀರು ಬರುವ ಕಾಲುವೆ ಬಿಡಿಸಲು ಹಣ ಕೇಳಿ. ಕಾಲುವೆ ಮುಚ್ಚಿದ ಕೆರೆಯಲ್ಲಿ ಹೂಳೆತ್ತಿದರೆ ಅದು ಆಳವಾದ ಒಣ ಗುಂಡಿ ಅಷ್ಟೇ. ನಾಲ್ಕು, ಇಷ್ಟು ಉದ್ದ, ಇಷ್ಟು ಆಳ, ಇಷ್ಟು ಖರ್ಚು ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ ನಕಲು ಪಡೆಯಿರಿ. ಐದು, ಬಂದ ಹಣ, ಹೋದ ಹಣ ಎರಡನ್ನೂ ಪಂಚಾಯ್ತಿ ಗೋಡೆಯ ಮೇಲೆ ಬರೆಸಿ.

"ಇದೆಲ್ಲ ಮೇಲಿನವರ ಕೆಲಸ" ಅನ್ನಬೇಡಿ. ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿ ಸಂವಿಧಾನದ 11ನೇ ಪರಿಶಿಷ್ಟದಲ್ಲೇ ಪಂಚಾಯ್ತಿಯ ವಿಷಯಗಳಾಗಿವೆ. ಆ ಹಣವೂ ಭಿಕ್ಷೆಯಲ್ಲ. ಗೊಬ್ಬರ ಕೊಳ್ಳುವಾಗ, ಡೀಸೆಲ್ ಹಾಕಿಸುವಾಗ, ಬಟ್ಟೆ ಸೋಪು ಕೊಳ್ಳುವಾಗ ನಾವು ಕಟ್ಟಿದ ತೆರಿಗೆಯೇ ಅದು. ನಮ್ಮ ದುಡ್ಡನ್ನು ನಮ್ಮ ಕೆರೆಗೆ ಕೇಳಲು ನಾಚಿಕೆ ಯಾಕೆ?

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು, ಹೆಣ್ಣುಮಕ್ಕಳೂ ಸೇರಿ, ಕೆರೆಯ ಅಳತೆ ಹಿಡಿದು ಹೋಗಿ. ಊರೆಲ್ಲ ಒಂದು ದಿನ ಅಲ್ಲಿ ಕೂತರೆ, ಒಬ್ಬ ರೈತ ನಾಲ್ಕನೆಯ ಬೋರಿಗೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಾದರೂ ತಪ್ಪೀತು.