ಹೆಸರು ಮುಚ್ಚಿಟ್ಟ ವೀರರು: ‘ಫೇಟ್’ ಅನಿಮೆಗಳ ಎರಡು ದಶಕ

ಜಪಾನಿನ ‘ಫೇಟ್/ಸ್ಟೇ ನೈಟ್’ ಗೇಮ್ ಮೊದಲ ಬಾರಿ ಟಿ.ವಿ. ಅನಿಮೆಯಾಗಿ ಬಂದದ್ದು 2006ರ ಜನವರಿಯಲ್ಲಿ. ಅಲ್ಲಿಂದೀಚೆಗೆ ಅದೇ ಲೋಕದಿಂದ ಸರಣಿಗಳು, ಸಿನಿಮಾಗಳು, ಕೊನೆಗೆ ಅಡುಗೆಮನೆಯ ಹಗುರ ಕಂತುಗಳೂ ಹೊರಟಿವೆ. ನಮ್ಮ ಊರುಗಳ ಹುಡುಗ ಹುಡುಗಿಯರೂ ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ಇವನ್ನು ನೋಡುತ್ತಾರೆ. ಇಷ್ಟಾದರೂ ಹೊಸಬರ ದೂರು ಹಾಗೇ ಉಳಿದಿದೆ: ಕಾಳಗ ಕಣ್ಣಿಗೆ ಹಬ್ಬ, ಆದರೆ ಯಾರು ಯಾಕೆ ಗೆದ್ದರು ಎಂಬುದೇ ತಿಳಿಯದು. ಹಳೆಯ ಅಭಿಮಾನಿಗಳದ್ದೂ ಒಂದೇ ಉತ್ತರ: ಮೊದಲು ಗೇಮ್ ಆಡಿ ಬಾ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಕಥೆಯ ಲೋಕವನ್ನು ನೋಡುಗನಿಗೆ ದಾಟಿಸುವುದು ಅನಿಮೆ ಮಾಡಿದವರ ಹೊಣೆ. ಆ ಹೊಣೆಯನ್ನು ಯಾರು ಎಷ್ಟು ಹೊತ್ತರು ಎಂದು ತಿರುಗಿ ನೋಡಲು ಈಗ ಸಾಕಷ್ಟು ಸಾಮಗ್ರಿ ಇದೆ.

ಗೇಮ್ ಎಂದೊಡನೆ ಓಡುವ, ಗುಂಡು ಹಾರಿಸುವ ಆಟ ಕಣ್ಣಮುಂದೆ ಬಂದರೆ ಅದನ್ನು ಬದಿಗಿಡಬೇಕು. ಟೈಪ್-ಮೂನ್ ಎಂಬ ಸಣ್ಣ ತಂಡ 2004ರ ಜನವರಿ 30ರಂದು ಹೊರತಂದದ್ದು ಓದುವ ಗೇಮ್. ಪರದೆಯಲ್ಲಿ ತಕಾಶಿ ತಾಕೆಉಚಿ ಬರೆದ ಚಿತ್ರ, ಅದರ ಮೇಲೆ ಕಿನೋಕೊ ನಾಸು ಬರೆದ ಪುಟಗಟ್ಟಲೆ ಗದ್ಯ, ಅಲ್ಲಲ್ಲಿ ಓದುಗನ ಮುಂದೆ ಎರಡು ಮೂರು ಆಯ್ಕೆ. ಕಥೆ ನಡೆಯುವುದು ಫುಯುಕಿ ಎಂಬ ಕಲ್ಪಿತ ಊರಿನಲ್ಲಿ. ಏಳು ಮಂದಿ ಮಾಂತ್ರಿಕರು ಪುರಾಣ, ಇತಿಹಾಸಗಳಿಂದ ಏಳು ವೀರರನ್ನು ಕರೆಸಿಕೊಂಡು ಪರಸ್ಪರ ಹೋರಾಡುತ್ತಾರೆ. ಕರೆಸಿದವರು ಮಾಸ್ಟರ್, ಬಂದವರು ಸರ್ವೆಂಟ್. ಸೇಬರ್, ಆರ್ಚರ್, ಲ್ಯಾನ್ಸರ್, ರೈಡರ್, ಕ್ಯಾಸ್ಟರ್, ಅಸಾಸಿನ್, ಬರ್ಸರ್ಕರ್ ಎಂದು ಸರ್ವೆಂಟ್‌ಗಳಿಗೆ ಏಳು ವರ್ಗ. ಮಾಸ್ಟರ್‌ನ ಕೈಮೇಲೆ ಮೂರು ಗುರುತುಗಳಿರುತ್ತವೆ. ಒಂದೊಂದನ್ನು ಖರ್ಚು ಮಾಡಿದಾಗಲೂ ಸರ್ವೆಂಟ್ ಮೀರಲಾಗದ ಒಂದು ಆಜ್ಞೆ ಕೊಡಬಹುದು. ಕೊನೆಗೆ ಉಳಿದ ಜೋಡಿಗೆ ಬೇಡಿದ್ದನ್ನು ಕೊಡುವ ಪಾತ್ರೆ, ಹೋಲಿ ಗ್ರೇಲ್.

ಇಷ್ಟು ಹೇಳಲು ಒಂದು ಪ್ಯಾರಾ ಸಾಕಾಯಿತು. ತೊಡಕು ಶುರುವಾಗುವುದು ಹೆಸರಿನಲ್ಲಿ.

ಈ ಲೋಕದಲ್ಲಿ ವೀರನ ನಿಜನಾಮ ಹೊರಬಿದ್ದರೆ ಅವನ ಸಾವಿನ ದಾರಿಯೂ ಹೊರಬಿದ್ದಂತೆ. ಜರ್ಮನ್ ದಂತಕಥೆಯ ಸೀಗ್‌ಫ್ರೀಡ್‌ನ ಮೈಯೆಲ್ಲ ವಜ್ರ, ಬೆನ್ನ ಮೇಲಿನ ಒಂದು ಚೂರು ಜಾಗ ಬಿಟ್ಟು. ಅವನು ಯಾರೆಂದು ಗೊತ್ತಾದ ಕ್ಷಣ ಶತ್ರು ಬೆನ್ನಿಗೇ ಗುರಿಯಿಡುತ್ತಾನೆ. ಅದಕ್ಕೇ ಎಲ್ಲರೂ ವರ್ಗದ ಹೆಸರಿನಲ್ಲಿ ಓಡಾಡುತ್ತಾರೆ. ಸೇಬರ್ ತನ್ನ ಕತ್ತಿಯನ್ನು ಗಾಳಿಯಲ್ಲಿ ಸುತ್ತಿ ಕಾಣದಂತೆ ಮಾಡಿರುವುದು ಚಮತ್ಕಾರಕ್ಕಲ್ಲ. ಆ ಕತ್ತಿಯನ್ನು ಕಂಡವರು ಅವಳು ಬ್ರಿಟನ್ನಿನ ಆರ್ಥರ್ ದೊರೆ ಎಂದು ಗುರುತಿಸಿಬಿಡುತ್ತಾರೆ. (ದೊರೆ ಇಲ್ಲಿ ಹೆಣ್ಣು. ಅದು ನಾಸು ಅವರ ಕಲ್ಪನೆ.) ನಮ್ಮ ಯಕ್ಷಗಾನದಲ್ಲಿ ಇದು ತಿರುವುಮುರುವು: ಒಡ್ಡೋಲಗದಲ್ಲಿ ಭಾಗವತರು ಕೇಳುತ್ತಾರೆ, ವೇಷಧಾರಿ ತಾನು ಯಾರು, ಯಾರ ಮಗ, ಏನು ಸಾಧಿಸಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಫೇಟ್ ಲೋಕದಲ್ಲಿ ಹಾಗೆ ಹೇಳಿಕೊಂಡವನು ಅರ್ಧ ಸೋತ.

ಈಗ ನೋಡುಗನ ಕಷ್ಟ ನೋಡಿ. ಲ್ಯಾನ್ಸರ್ ತನ್ನ ಈಟಿಯಿಂದ ತಿವಿಯುತ್ತಾನೆ. ಅದು ಮೊದಲು ಗುಂಡಿಗೆಯನ್ನು ಚುಚ್ಚಿದ ಫಲವನ್ನು ನಿಶ್ಚಯಿಸಿ ಆಮೇಲೆ ಮುನ್ನುಗ್ಗುವ ಆಯುಧ. ಕಾರ್ಯ ಮುಂದೆ, ಕಾರಣ ಹಿಂದೆ. ಸೇಬರ್ ಹೇಗೋ ಬದುಕುಳಿದು ಅವನನ್ನು ಐರ್ಲೆಂಡಿನ ಕೂ ಹುಲಿನ್ ಎಂದು ಗುರುತಿಸುತ್ತಾಳೆ. ಆ ಹೆಸರು ಕೇಳಿ ಡಬ್ಲಿನ್ನಿನ ಹುಡುಗನ ಮೈ ಜುಮ್ಮೆನ್ನಬಹುದು. ಧಾರವಾಡದ ಹುಡುಗಿಗೆ ಅದು ಬರೀ ಸದ್ದು. ಗೇಮ್‌ನಲ್ಲಿ ಈ ಅಂತರ ತುಂಬಲು ವ್ಯವಸ್ಥೆಯಿತ್ತು. ಪ್ರತಿ ಸರ್ವೆಂಟ್‌ಗೂ ಒಂದು ಪಟ್ಟಿ: ಬಲ, ಚುರುಕು, ಅದೃಷ್ಟ ಎಂದು ಅಂಕಣಗಳು, ಎ ಇಂದ ಇಳಿಯುವ ದರ್ಜೆಗಳು. ಕಥಾನಾಯಕ ಎಮಿಯಾ ಶಿರೋಗೆ ಗೊತ್ತಾದಷ್ಟೇ ಅದರಲ್ಲಿ ತೆರೆದುಕೊಳ್ಳುತ್ತದೆ. ಹೆಸರು ತಿಳಿದ ಮೇಲೆ ಖಾಲಿ ಜಾಗ ತುಂಬುತ್ತದೆ, ಬೇಕೆಂದಾಗ ನಿಲ್ಲಿಸಿ ಓದಬಹುದು. ಈ ಪಟ್ಟಿಯನ್ನು ಅನಿಮೆ ಕೈಬಿಟ್ಟಿತು. ಬಿಡದೆ ಗತಿಯೂ ಇರಲಿಲ್ಲ, ಓಡುತ್ತಿರುವ ಕತ್ತಿಕಾಳಗದ ನಡುವೆ ಅಂಕಪಟ್ಟಿ ತೋರಿಸಿದರೆ ಯಾರು ಕೂತಾರು?

ಇನ್ನೊಂದು ಉಪಾಯ ಇದಕ್ಕಿಂತ ಜಾಣತನದ್ದು. ತಪ್ಪು ಆಯ್ಕೆ ಮಾಡಿದರೆ ಶಿರೋ ಸಾಯುತ್ತಾನೆ, ಮೇಲಿಂದ ಮೇಲೆ ಸಾಯುತ್ತಾನೆ. ಸತ್ತ ಕೂಡಲೇ ‘ಟೈಗರ್ ಡೋಜೊ’ ಎಂಬ ನಗೆಪ್ರಸಂಗ ಬರುತ್ತದೆ. ಅಲ್ಲಿ ಶಾಲೆಯ ಟೀಚರ್ ತೈಗಾ ಮತ್ತು ಪುಟ್ಟ ಇಲ್ಯಾ ಸೇರಿ ಎಲ್ಲಿ ಎಡವಿದೆ ಎಂದು ಗದರಿಸಿ ಕಳಿಸುತ್ತಾರೆ. ತನ್ನ ಸರ್ವೆಂಟ್ ಸೇಬರ್‌ಳನ್ನು ಬಿಟ್ಟು ರಾತ್ರಿ ಒಬ್ಬನೇ ಹೊರಗೆ ಹೋದರೆ ಏನಾಗುತ್ತದೆ ಎಂಬ ನಿಯಮವನ್ನು ಯಾರೂ ಪಾಠ ಮಾಡಬೇಕಾಗಿಲ್ಲ, ಸತ್ತು ಕಲಿಯಬಹುದು. ಇದರ ಮೇಲೆ ಮೂರು ಹಾದಿಗಳು, ಒಂದರ ನಂತರವೇ ಇನ್ನೊಂದು ತೆರೆಯುವಂತೆ. ಮೊದಲ ಹಾದಿ ಸೇಬರ್‌ಳದ್ದು. ಎರಡನೆಯದು ‘ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್’, ಅಲ್ಲಿ ಆರ್ಚರ್ ಯಾರೆಂಬುದು ಬಯಲಾಗುತ್ತದೆ. (ನೋಡದವರಿಗಾಗಿ ಅವನ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ.) ಮೂರನೆಯ ‘ಹೆವೆನ್ಸ್ ಫೀಲ್’ ಆ ಪಾತ್ರೆಯೊಳಗೆ ಕೊಳೆತದ್ದೇನು, ಅದನ್ನು ಕಟ್ಟಿದ ಮನೆತನಗಳು ಮಾಡಿದ್ದೇನು ಎಂದು ಪೂರ್ತಿ ಬಿಚ್ಚುತ್ತದೆ. ಒಂದೇ ಹದಿನೈದು ದಿನಗಳ ಕಾಳಗವನ್ನು ಮೂರು ಸಲ ಹಾಯ್ದವನಿಗೆ ನಿಯಮಗಳು ಮೈಗೂಡಿರುತ್ತವೆ. ಟಿ.ವಿ. ಮುಂದೆ ಕೂತವನಿಗೆ ಸಿಗುವುದು ಒಂದೇ ಸುತ್ತು, ಅದರಲ್ಲಿ ನಾಯಕ ಸಾಯುವಂತಿಲ್ಲ.

ಸ್ಟುಡಿಯೋ ಡೀನ್ 2006ರಲ್ಲಿ ಮಾಡಿದ 24 ಕಂತುಗಳ ಸರಣಿ ಎಡವಿದ್ದು ಇಲ್ಲೇ. ಅದು ಮೊದಲ ಹಾದಿಯನ್ನು ಹಿಡಿಯಿತು, ಸರಿ. ಆದರೆ ಮುಂದಿನ ಹಾದಿಗಳ ತುಣುಕುಗಳನ್ನೂ ತಂದು ನಡುವೆ ತುರುಕಿತು. ಮೊದಲ ಸಲ ನೋಡುವವನಿಗೆ ಬೇಡದ ಸುಳಿವು, ಗೇಮ್ ಬಲ್ಲವನಿಗೆ ಅರೆಬರೆ ಪ್ರಸಂಗ. ಸೇಬರ್‌ಗೆ ಮಾಂತ್ರಿಕ ಶಕ್ತಿ ತುಂಬಿಸುವ ಪ್ರಸಂಗ ಮೂಲದಲ್ಲಿ ವಯಸ್ಕರ ದೃಶ್ಯ, ಟಿ.ವಿ.ಗೆ ಅದು ಆಗದು ಎಂದು ಕಂಪ್ಯೂಟರಿನಲ್ಲಿ ಮಾಡಿದ ಒಂದು ಡ್ರ್ಯಾಗನ್ ಬಂತು. ಯಾಕೆ ಬಂತೆಂದು ಕೇಳಿದರೆ ನೇರ ಉತ್ತರವಿಲ್ಲ. ಹಾಗಿದ್ದೂ ಈ ಸರಣಿಯನ್ನು ಪೂರಾ ತಳ್ಳಿಹಾಕುವುದು ಅನ್ಯಾಯ. ಸೇಬರ್‌ಳ ಒಂಟಿತನ, ಅವಳ ರಾಜ್ಯದ ನೆನಪು ಅಲ್ಲಿ ನಿಧಾನವಾಗಿ, ಮರ್ಯಾದೆಯಿಂದ ಬಂದಿವೆ.

2011ರ ಅಕ್ಟೋಬರಿನಲ್ಲಿ ಶುರುವಾದ ‘ಫೇಟ್/ಝೀರೋ’ ಗೇಮ್‌ನಿಂದ ನೇರ ಬಂದದ್ದಲ್ಲ. ಗೆನ್ ಉರೊಬುಚಿ ಬರೆದ ಕಾದಂಬರಿ, ಹತ್ತು ವರ್ಷ ಹಿಂದಿನ ಕಾಳಗದ ಕಥೆ. ಯುಫೋಟೇಬಲ್ ಸ್ಟುಡಿಯೋಗಾಗಿ ಎಯ್ ಆವೊಕಿ ನಿರ್ದೇಶಿಸಿದರು. ಮೊದಲ ಕಂತೇ ಸುಮಾರು ಎರಡು ಕಂತಿನಷ್ಟು ಉದ್ದ, ತುಂಬಾ ವಿವರಣೆ. ಕಿರೇ ಎಂಬಾತ ನಿಂತಿರುತ್ತಾನೆ. ನಿಯಮ ಹೇಳುವವರು ಅವನ ಸುತ್ತ ಪ್ರದಕ್ಷಿಣೆ ಹಾಕುತ್ತ ಮಾತಾಡುತ್ತಾರೆ. ಮಾತು ಭಾರವೆಂದು ನಿರ್ದೇಶಕರಿಗೂ ಗೊತ್ತಿತ್ತು, ಕಾಲಿಗಾದರೂ ಕೆಲಸ ಕೊಟ್ಟರು! ಅಭಿಮಾನಿಗಳು ಇಂದಿಗೂ ಆ ದೃಶ್ಯವನ್ನು ಆಡಿಕೊಂಡು ನಗುತ್ತಾರೆ.

ಅದೇ ಸರಣಿಯ 11ನೇ ಕಂತು, ನಮ್ಮ ದೃಷ್ಟಿಯಲ್ಲಿ, ಈ ಎರಡು ದಶಕಗಳ ಅತ್ಯುತ್ತಮ ವಿವರಣೆ. ಅಲೆಗ್ಸಾಂಡರ್, ಗಿಲ್ಗಮೇಶ್, ಆರ್ಥರ್ ಮೂವರು ದೊರೆಗಳು ಒಂದು ಕೋಟೆಯ ಅಂಗಳದಲ್ಲಿ ಕೂತು ಕುಡಿಯುತ್ತ ರಾಜನೆಂದರೆ ಯಾರು ಎಂದು ವಾದಿಸುತ್ತಾರೆ. ಪ್ರಜೆಗಾಗಿ ತನ್ನನ್ನೇ ಸುಟ್ಟುಕೊಳ್ಳುವವನು ರಾಜ ಎನ್ನುವುದು ಸೇಬರ್‌ಳ ನಿಲುವು. ಎಲ್ಲರಿಗಿಂತ ಹೆಚ್ಚು ಬಯಸಿ, ಆ ಬಯಕೆಯನ್ನು ಹಿಂಬಾಲಕರಿಗೂ ಹತ್ತಿಸುವವನೇ ರಾಜ ಎನ್ನುವುದು ಅಲೆಗ್ಸಾಂಡರನದ್ದು. ಕೊಲೆಗಡುಕರು ಸುತ್ತುವರಿದಾಗ ಅಂಗಳ ಮಾಯವಾಗಿ ಮರುಭೂಮಿ ಹರಡುತ್ತದೆ, ಅವನ ಹಿಂದೆ ಸತ್ತುಹೋದ ಸೈನ್ಯ ಎದ್ದು ನಿಲ್ಲುತ್ತದೆ. ಒಬ್ಬನ ಒಳಗಿನ ಲೋಕವನ್ನು ಹೊರಗಿನ ಲೋಕದ ಮೇಲೆ ಹೊದಿಸುವ ವಿದ್ಯೆ ಅದು; ಗೇಮ್‌ನಲ್ಲಿ ಪುಟಗಟ್ಟಲೆ ಓದಿ ತಿಳಿಯಬೇಕಾದ ಸಂಗತಿ. ಇಲ್ಲಿ ಅದಕ್ಕೆ ಬೇಕಾದ ವಿವರಣೆಯೆಲ್ಲ ಆಗಲೇ ಜಗಳದಲ್ಲಿ ಮುಗಿದಿದೆ. ಆ ಸೈನ್ಯವೇ ಅವನ ವಾದದ ಸಾಕ್ಷಿ. ಸೇಬರ್‌ಳ ಮುಖ ಕಪ್ಪಿಡುವುದು ಯಾಕೆಂದು ನೋಡುಗನಿಗೆ ಯಾರೂ ಹೇಳಬೇಕಿಲ್ಲ.

2014ರ ಅಕ್ಟೋಬರಿನಲ್ಲಿ ತಕಾಹಿರೊ ಮಿಉರಾ ನಿರ್ದೇಶನದ ‘ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್’ ಬಂದಾಗ ಯುಫೋಟೇಬಲ್ ಇನ್ನೂ ಸರಳ ದಾರಿ ಹಿಡಿಯಿತು. ಗೇಮ್‌ನ ಮುನ್ನುಡಿಯಂತೆಯೇ ಸೊನ್ನೆಯ ಕಂತನ್ನು ರಿನ್‌ಗೆ ಬಿಟ್ಟುಕೊಟ್ಟಿತು. ರಿನ್ ಮಾಂತ್ರಿಕ ಮನೆತನದ ಹುಡುಗಿ, ಎಲ್ಲ ಬಲ್ಲವಳು, ಆದರೂ ಮುಖ್ಯ ಘಳಿಗೆಯಲ್ಲಿ ಗಡಿಯಾರ ನೋಡಿ ಮೋಸಹೋಗುವವಳು. ಅವಳು ಸರ್ವೆಂಟನ್ನು ಕರೆಸುವಾಗ, ಅವನೊಂದಿಗೆ ಜಗಳವಾಡಿ ಒಂದು ಆಜ್ಞೆಯನ್ನು ಸಿಟ್ಟಿನಲ್ಲಿ ಹಾಳುಮಾಡಿಕೊಳ್ಳುವಾಗ ನಿಯಮಗಳು ತಾವಾಗಿ ತಿಳಿಯುತ್ತವೆ. ಮುಂದಿನ ಕಂತಿನಲ್ಲಿ ಏನೂ ಅರಿಯದ ಶಿರೋ ಬಂದಾಗ ನೋಡುಗ ಅವನಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ. ತೊಮೊನೊರಿ ಸುದೋ ಅವರ ‘ಹೆವೆನ್ಸ್ ಫೀಲ್’ ಸಿನಿಮಾಗಳು (2017, 2019, 2020) ಇದಕ್ಕೆ ತದ್ವಿರುದ್ಧ. ಕರೆಸುವಿಕೆ, ಮೊದಲ ರಾತ್ರಿಗಳ ಕಾಳಗ ಎಲ್ಲವನ್ನೂ ಶೀರ್ಷಿಕೆ ಓಡುವಷ್ಟರಲ್ಲಿ ತೋರಿಸಿ ಮುಗಿಸುತ್ತಾರೆ. ಹಿಂದಿನದನ್ನು ನೋಡದವನಿಗೆ ಬಾಗಿಲು ಮುಚ್ಚಿದೆ ಎಂದು ಮೊದಲೇ ಹೇಳಿದ ಹಾಗೆ. ಅದೂ ಪ್ರಾಮಾಣಿಕ ನಡೆಯೇ.

ನಮಗೆ ಹೆಚ್ಚು ಸ್ವಾರಸ್ಯವೆನಿಸುವುದು 2017ರ ‘ಫೇಟ್/ಅಪೊಕ್ರಿಫಾ’, ಉಳಿದ ಬಗೆಯಲ್ಲಿ ಸಾಧಾರಣ ಸರಣಿಯಾದರೂ. ಅಲ್ಲಿ ರೊಮೇನಿಯದಲ್ಲಿ ಕೆಂಪು, ಕಪ್ಪು ಎರಡು ಪಕ್ಷಗಳು ಕಾದಾಡುತ್ತವೆ. ಕೆಂಪು ಪಕ್ಷದ ಲ್ಯಾನ್ಸರ್ ನಮ್ಮ ಕರ್ಣ. ಬಿಲ್ಲುಗಾರನಾದ ಕರ್ಣ ಲ್ಯಾನ್ಸರ್ ಹೇಗಾದ? ಇಂದ್ರ ಕೊಟ್ಟ ಶಕ್ತ್ಯಾಯುಧ ಈಟಿಯ ಜಾತಿಗೆ ಸೇರಿದ್ದು, ಅದಕ್ಕೆ. ಇಲ್ಲಿ ಕರ್ಣ ಆ ಆಯುಧ ಬಿಡಬೇಕಾದರೆ ಕವಚವನ್ನು ಕಳೆದುಕೊಳ್ಳಬೇಕು. ಮಹಾಭಾರತದಲ್ಲಿ ದಾನಕ್ಕೆ ಪ್ರತಿಯಾಗಿ ಬಂದ ವರ, ಗೇಮ್ ಲೋಕದಲ್ಲಿ ಬೆಲೆ ತೆತ್ತು ಬಳಸುವ ಅಸ್ತ್ರವಾಗಿದೆ; ಲೆಕ್ಕ ಅದೇ. ಜಪಾನಿನ ನೋಡುಗನಿಗೆ ಇದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಪಂಪ, ಕುಮಾರವ್ಯಾಸರ ನಾಡಿನಲ್ಲಿ ಕರ್ಣ ಕವಚಕ್ಕೆ ಕೈ ಹಾಕಿದೊಡನೆ ಕಣ್ಣು ತೇವವಾಗುತ್ತದೆ. ಇದೇ ಸರಣಿಯ ಒಂದು ನಿಯಮದಂತೆ ವೀರನನ್ನು ಅವನ ಕೀರ್ತಿ ಬೆಳಗುವ ನೆಲದಲ್ಲಿ ಕರೆಸಿದರೆ ಬಲ ಹೆಚ್ಚು, ಅದಕ್ಕೇ ರೊಮೇನಿಯದಲ್ಲಿ ವ್ಲಾಡ್ ದೊರೆ ಅಷ್ಟು ಪ್ರಬಲ. ಹಾಗಾದರೆ ಕರ್ಣನನ್ನು ಗದಗದಲ್ಲಿ ಕರೆಸಿದ್ದರೆ ಕಥೆ ಮೂರೇ ಕಂತಿಗೆ ಮುಗಿಯುತ್ತಿತ್ತು.

ಅಂದರೆ ವಿವರಣೆ ಯಾರಿಗೆ ಬೇಕು ಎಂಬುದು ನೋಡುಗನ ಊರಿನ ಮೇಲೆ ನಿಂತಿದೆ. ಅದನ್ನರಿತ ಕೃತಿ ಹೆಸರನ್ನೇ ನೆಚ್ಚುವುದಿಲ್ಲ, ಆ ಹೆಸರಿನವನು ಏನು ಕಳೆದುಕೊಳ್ಳುತ್ತಾನೆ ಎಂದು ತೋರಿಸುತ್ತದೆ.

2015ರ ಜುಲೈನಲ್ಲಿ ಬಂದ ಮೊಬೈಲ್ ಗೇಮ್ ‘ಫೇಟ್/ಗ್ರ್ಯಾಂಡ್ ಆರ್ಡರ್’ ಈ ಲೆಕ್ಕವನ್ನೆಲ್ಲ ಕಲಕಿತು. ಏಳರ ಜಾಗದಲ್ಲಿ ನೂರಾರು ವೀರರು. ಬೇಕಾದವರನ್ನು ಪಡೆಯಲು ಲಾಟರಿಯಂತೆ ಅದೃಷ್ಟ ನಂಬಿ ಹಣ ಸುರಿಯುವ ವ್ಯವಸ್ಥೆ. 1783ರ ಅಮೆರಿಕದ ಅಧ್ಯಾಯದಲ್ಲಿ ಸಿಂಹದ ತಲೆಯ ಥಾಮಸ್ ಎಡಿಸನ್, ಅವನ ಬಳಿ ಕರ್ಣ, ಎದುರು ಪಕ್ಷದಲ್ಲಿ ಅರ್ಜುನ! ಈ ಗೇಮ್‌ನ ಮೊದಲ ಭಾಗದ ಏಳನೇ ಅಧ್ಯಾಯ ‘ಬ್ಯಾಬಿಲೋನಿಯಾ’ 2019–20ರಲ್ಲಿ ಟಿ.ವಿ. ಸರಣಿಯಾಯಿತು, ಆರನೆಯದು ಅದರ ಬಳಿಕ ಸಿನಿಮಾ ಆಯಿತು. ಅದಕ್ಕೂ ಹಿಂದಿನವುಗಳಲ್ಲಿ ಒಂದೂ ಟಿ.ವಿ. ಸರಣಿಯಾಗಿರಲಿಲ್ಲ, 2016ರ ಕೊನೆಯ ದಿನ ಬಂದ ಒಂದು ವಿಶೇಷ ಕಂತಷ್ಟೇ ಪೀಠಿಕೆ. ‘ಬ್ಯಾಬಿಲೋನಿಯಾ’ದ ಉರುಕ್ ನಗರವನ್ನು ಸ್ಟುಡಿಯೋ ಕ್ಲೋವರ್‌ವರ್ಕ್ಸ್‌ನವರು ಪ್ರೀತಿಯಿಂದ ಕಟ್ಟಿದ್ದಾರೆ. ಗಿಲ್ಗಮೇಶ್ ಅಲ್ಲಿ ಮಣ್ಣಿನ ಹಲಗೆಗಳ ನಡುವೆ ಕೂತು ಆಡಳಿತ ಮಾಡುವ ದಣಿದ ದೊರೆ. ಆ ನಗರದೊಳಗೆ ಇರುವಷ್ಟು ಹೊತ್ತು ಹೊಸಬನೂ ಕಥೆಯ ಜೊತೆ ನಡೆಯಬಲ್ಲ. ನಾಯಕ ಎಲ್ಲಿಂದ ಬಂದ, ಕಾಲ ದಾಟುವುದು ಹೇಗೆ, ಹಿಂದಿರುವ ಶತ್ರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಆರು ಅಧ್ಯಾಯಗಳ ಸಾಲ ಮೈಮೇಲೆ ಬರುತ್ತದೆ. ಸ್ವಂತ ಗೇಮ್‌ನ ಗ್ರಾಹಕರಿಗೆ ಮಾಡಿದ ಉಡುಗೊರೆ ಇದು. ಹೊಸ ನೋಡುಗರನ್ನು ಕರೆಯುವ ಮನಸ್ಸು ಕಡಿಮೆ.

‘ಮೊದಲು ಗೇಮ್ ಆಡಿ ಬಾ’ ಎನ್ನುವವರು ಮರೆಯುವುದೊಂದಿದೆ. ಮೂಲ ಗೇಮ್ ಅಧಿಕೃತವಾಗಿ ಇಂಗ್ಲಿಷಿನಲ್ಲಿ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ, ಹುಟ್ಟಿ ಇಪ್ಪತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಜಪಾನೀ ಬಾರದವರಿಗಿದ್ದದ್ದು ಮುಖ್ಯವಾಗಿ ಅಭಿಮಾನಿಗಳ ಅನುವಾದ ಮತ್ತು ಅನಿಮೆ. ಸಿಗದ ಪುಸ್ತಕವನ್ನು ಓದಿಲ್ಲವೆಂದು ಯಾರನ್ನಾದರೂ ಹೀಯಾಳಿಸುವುದು ಸಣ್ಣತನ.

ಹೊಸದಾಗಿ ನೋಡುವವರಿಗೆ ನಮ್ಮ ಸಲಹೆ: 2014ರ ‘ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್’ ಸೊನ್ನೆಯ ಕಂತಿನಿಂದ ಶುರುಮಾಡಿ, ಆಮೇಲೆ ‘ಹೆವೆನ್ಸ್ ಫೀಲ್’ನ ಮೂರು ಸಿನಿಮಾ, ‘ಝೀರೋ’ವನ್ನು ಕೊನೆಗಿಡಿ. ಅದು ಹಿಂದಿನ ಕಥೆಯಾದರೂ ಮುಂದಿನ ಗುಟ್ಟುಗಳನ್ನು ಬಲ್ಲವರಿಗಾಗಿ ಬರೆದದ್ದು. ಸೇಬರ್‌ಳ ಸ್ವಂತ ಹಾದಿಯನ್ನು ಮಾತ್ರ ಯುಫೋಟೇಬಲ್ ಸರಣಿಯಾಗಿ ಮಾಡಿಲ್ಲ. ಅದಕ್ಕೆ ಡೀನ್‌ನ ಹಳೆಯ 24 ಕಂತುಗಳಿವೆ, ಇಲ್ಲವೇ ಗೇಮ್. ಅದು ಈಗ ಸ್ಟೀಮ್‌ನಲ್ಲೂ ನಿಂಟೆಂಡೊ ಸ್ವಿಚ್‌ನಲ್ಲೂ ಇಂಗ್ಲಿಷಿನಲ್ಲಿ ಸಿಗುತ್ತದೆ.